ಸಣ್ಣ ಸಭೆ, ಸಣ್ಣ ಕಾಣಿಕೆ: ಸುಗ್ಗಿ ಹರಾಜಿನ ದುಡ್ಡು ಕಂಬಳಿಗೆ ಹಾಕೋಣವಾ, ಬೇರೆ ಏನಾದರೂ ಮಾಡೋಣವಾ?

ಹುಮನಾಬಾದ್ ರಸ್ತೆ

ಎಲ್ಲರಿಗೂ ವಂದನೆ. ನಮ್ಮದು ಬೀದರ್ ಜಿಲ್ಲೆಯ ಒಂದು ಮೆಥೋಡಿಸ್ಟ್ ಸಭೆ. ಊರ ಹೆಸರು ಬೇಡ, ನಮ್ಮ ಕಮಿಟಿಯವರೂ ಇಲ್ಲಿ ಓದುತ್ತಾರೆ. ನಲವತ್ತು ಮನೆ ಇರಬಹುದು. ದುಡಿಯುವ ವಯಸ್ಸಿನವರು ಜಾಸ್ತಿ ಹೈದರಾಬಾದು, ಪುಣೆ ಕಡೆ ಹೋಗಿದ್ದಾರೆ. ಭಾನುವಾರ ಆರಾಧನೆಗೆ ಬರುವವರು ಅಜ್ಜ, ಅಜ್ಜಿ, ತಾಯಂದಿರು, ಸಂಡೇ ಸ್ಕೂಲ್ ಮಕ್ಕಳು. ತಟ್ಟೆಯಲ್ಲಿ ಬೀಳುವುದು ಹತ್ತು ಇಪ್ಪತ್ತರ ನೋಟು.

ಆದರೆ ಈ ಸಲ ಸುಗ್ಗಿ ಹಬ್ಬದ ಹರಾಜು ಜೋರಾಗಿ ಆಯಿತು. ನೋಡಿದವರಿಗೆ ಗೊತ್ತಿರುತ್ತದೆ, ನೋಡದವರಿಗೆ ಹೇಳುತ್ತೇನೆ. ಎಲ್ಲರೂ ಹೊಲದಲ್ಲಿ, ಹಿತ್ತಲಲ್ಲಿ ಬೆಳೆದದ್ದನ್ನು ತಂದು ವೇದಿಕೆ ಮುಂದೆ ಇಡುತ್ತಾರೆ. ಉದ್ದು, ಹೆಸರು, ಜೋಳದ ತೆನೆ, ಕಬ್ಬಿನ ಕಟ್ಟು, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಒಂದೊಂದೇ ಹರಾಜು. ಒಂದು ಅಜ್ಜಿ ತಂದ ಸೋರೆಕಾಯಿಯನ್ನು ಹೈದರಾಬಾದಿನಿಂದ ಬಂದಿದ್ದ ಹುಡುಗ ಐನೂರಕ್ಕೆ ಕೂಗಿ ತೆಗೆದುಕೊಂಡ, ದುಡ್ಡು ಕೊಟ್ಟು ಕಾಯಿಯನ್ನು ವಾಪಸ್ ಮೇಜಿನ ಮೇಲೆ ಇಟ್ಟ, ಅದನ್ನೇ ಇನ್ನೊಬ್ಬ ಕೂಗಿದ, ಅವನೂ ವಾಪಸ್ ಇಟ್ಟ, ಹೀಗೆ ಆ ಕಾಯಿ ನಾಲ್ಕು ಕೈ ಬದಲಾಗಿ ಕೊನೆಗೆ ಪಾಸ್ಟರಮ್ಮನ ಅಡುಗೆಮನೆ ಸೇರಿತು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಈಗ ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಕಮಿಟಿಯಲ್ಲಿ ಮೂರು ಗುಂಪು. ಒಂದು ಗುಂಪು ಕ್ರಿಸ್‌ಮಸ್ ಹಿಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ಕಂಬಳಿ ಹಂಚೋಣ, ಯಾರಾದರೂ ಮುಖಂಡರನ್ನು ಕರೆಸೋಣ ಎನ್ನುತ್ತದೆ. ಇನ್ನೊಂದು ಗುಂಪಿಗೆ ಚರ್ಚಿನ ತಗಡು ಬದಲಾಯಿಸಬೇಕು. ಮೂರನೆಯವರು ತೆಲಂಗಾಣದ ಧಾರೂರಿನಲ್ಲಿ ನಡೆಯುವ ಮೆಥೋಡಿಸ್ಟರ ಜಾತ್ರೆಗೆ ಮಾಡಿದ ಟೆಂಪೋ ಬಾಡಿಗೆ ಬಾಕಿ ತೀರಿಸಿ ಸುಮ್ಮನಿರೋಣ ಎನ್ನುತ್ತಾರೆ. ನನಗೆ ಕಂಬಳಿ ಯಾಕೋ ಹಿಡಿಸುತ್ತಿಲ್ಲ. ಹೋದ ವರ್ಷ ಕೊಟ್ಟವರಿಗೇ ಈ ವರ್ಷವೂ ಕೊಡುತ್ತೇವೆ, ಮಧ್ಯದ ಹನ್ನೊಂದು ತಿಂಗಳು ಅವರು ಯಾರು ಅಂತ ನಮಗೆ ಗೊತ್ತಿಲ್ಲ. ನಿಮ್ಮ ಸಭೆಗಳಲ್ಲಿ ಏನು ಮಾಡುತ್ತೀರಿ? ದೊಡ್ಡ ಸಭೆಯ ಲೆಕ್ಕ ಬೇಡ, ನಮ್ಮಂಥ ಸಣ್ಣವರದು ಹೇಳಿ.

ಸ್ತ್ರೀ ಸಮಾಜದ ಅಕ್ಕ

ತಮ್ಮಾ, ಕಲಬುರಗಿ ಕಡೆಯವಳು ನಾನು. ನಮ್ಮಲ್ಲಿ ಹಿಡಿ ಜೋಳದ ಪದ್ಧತಿ ಇದೆ. ಹಿಟ್ಟಿಗೆ ಜೋಳ ಹಸನು ಮಾಡುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಅನ್ನ ಮಾಡುವ ಮನೆಯವರು ಹಿಡಿ ಅಕ್ಕಿ. ತಿಂಗಳ ಮೊದಲ ಭಾನುವಾರ ಡಬ್ಬಿ ತಂದು ಚೀಲಕ್ಕೆ ಸುರಿಯುತ್ತೇವೆ. ಇದಕ್ಕೆ ಯಾರೂ ಬಡವರಲ್ಲ, ನೋಡಿ. ತಟ್ಟೆಗೆ ನೂರು ರೂಪಾಯಿ ಹಾಕಲಾಗದವಳು ಹಿಡಿ ಜೋಳ ಹಾಕುತ್ತಾಳೆ, ಆ ಡಬ್ಬಿ ತರುವಾಗ ಅವಳ ನಡಿಗೆಯೇ ಬೇರೆ.

ಆ ಚೀಲ ಎಲ್ಲಿಗೆ ಹೋಗುತ್ತದೆ ಅಂತ ಪುಲ್ಪಿಟ್‌ನಿಂದ ಹೇಳುವುದಿಲ್ಲ. ನಾವು ಮೂರು ಜನ ಹೆಂಗಸರು ತೀರ್ಮಾನ ಮಾಡುತ್ತೇವೆ. ಬಾಣಂತಿ ಇರುವ ಮನೆ, ಸಾವಾದ ಮನೆ, ಗಂಡ ಕುಡಿದು ಕೂಲಿ ಎಲ್ಲ ಕಳೆಯುವ ಮನೆ. ನಮ್ಮ ಸಭೆಯವರೇ ಆಗಬೇಕು ಅಂತಿಲ್ಲ, ಓಣಿಯವರಾದರೆ ಸಾಕು. ಸಂಜೆ ಕತ್ತಲಾದ ಮೇಲೆ ಕೊಟ್ಟು ಬರುತ್ತೇವೆ. ಹಗಲು ಹೋದರೆ ಇಡೀ ಓಣಿ ಬಾಗಿಲಿಗೆ ಬಂದು ನೋಡುತ್ತದೆ, ತೆಗೆದುಕೊಳ್ಳುವವಳು ತಲೆ ಎತ್ತುವುದಿಲ್ಲ.

ಕಂಬಳಿ ಬೇಡ ಅಂತ ನಾನು ಹೇಳುವುದಿಲ್ಲ. ಮುಖಂಡರನ್ನು ಕರೆಯುವುದು ಬೇಡ.

ಎಂವೈಎಫ್ ಹುಡುಗ

ಅಕ್ಕಾ, ನೀವು ಹೇಳುವುದು ಸರಿ. ಆದರೆ ಒಂದು ಮಾತು. ನಾನು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದೇನೆ, ಊರಿನ ಸಭೆಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತೇನೆ. ನನ್ನ ಜೊತೆ ಇನ್ನೂ ನಾಲ್ಕೈದು ಹುಡುಗರು ಕಳಿಸುತ್ತಾರೆ. ಒಂದು ಫೋಟೋ ಇಲ್ಲ, ಒಂದು ಲೆಕ್ಕ ಇಲ್ಲ ಅಂದರೆ ಮೂರನೇ ತಿಂಗಳಿಗೆ ಅವರು ನಿಲ್ಲಿಸುತ್ತಾರೆ. ಫೋಟೋ ತೆಗೆಯುವವರೆಲ್ಲ ಪ್ರಚಾರಕ್ಕೆ ತೆಗೆಯುತ್ತಾರೆ ಅಂದುಕೊಳ್ಳಬೇಡಿ.

ಸ್ತ್ರೀ ಸಮಾಜದ ಅಕ್ಕ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಸಂಡೇ ಸ್ಕೂಲಿನಲ್ಲಿ ಕಲಿಸಿಲ್ಲವಾ?

ಎಂವೈಎಫ್ ಹುಡುಗ

ಕಲಿಸಿದ್ದಾರೆ ಅಕ್ಕಾ. ಎಡಗೈಯಲ್ಲಿ ಮೊಬೈಲ್ ಇದೆ, ಏನು ಮಾಡಲಿ 😄

ಲೆಕ್ಕದ ಮಾಸ್ತರ್

ಬೆಳಗಾವಿಯಿಂದ. ರಿಟೈರ್ಡ್ ಶಾಲಾ ಮಾಸ್ತರ್, ನಮ್ಮ ಸಭೆಯ ಖಜಾಂಚಿ. ಇಬ್ಬರ ಜಗಳವನ್ನೂ ಬಗೆಹರಿಸುತ್ತೇನೆ. ಚೀಲದ ಫೋಟೋ ತೆಗೆಯಿರಿ, ರಸೀದಿಯ ಫೋಟೋ ತೆಗೆಯಿರಿ, ಮನುಷ್ಯರದ್ದು ಬೇಡ. ದಿನಸಿ ಅಂಗಡಿ ಬಿಲ್, ಔಷಧಿ ಅಂಗಡಿ ಬಿಲ್, ಶಾಲೆಯ ಫೀ ರಸೀದಿ. ಹೆಸರಿನ ಮೇಲೆ ಒಂದು ಬೆರಳಿಟ್ಟು ಫೋಟೋ ಹೊಡೆದು ಗ್ರೂಪಿಗೆ ಹಾಕಿದರೆ ಆಯಿತು. ನಮ್ಮಲ್ಲಿ ಹಾಗೇ ನಡೆಯುತ್ತಿದೆ, ಇವತ್ತಿನವರೆಗೆ ಯಾರೂ ಕಳಿಸುವುದು ನಿಲ್ಲಿಸಿಲ್ಲ.

ಇನ್ನು ಮುಖ್ಯವಾದದ್ದು. ಮೆಥೋಡಿಸ್ಟರು ನಾವು ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ ರೀ. 1742ರಲ್ಲಿ ಬ್ರಿಸ್ಟಲ್ ಊರಿನ ಸಭೆಗೆ ಕಟ್ಟಡದ ಸಾಲ ಇತ್ತು. ಹೇಗೆ ತೀರಿಸುವುದು ಅಂತ ಕೂತಾಗ ಒಬ್ಬ, ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂದ. ಬಡವರಿಗೆ ಅದೂ ಆಗುವುದಿಲ್ಲ ಅಂತ ಇನ್ನೊಬ್ಬರು ಅಂದರು. ಆಗ ಅವನೇ, ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಬಿಡಿ, ವಾರ ವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಇಲ್ಲದಿದ್ದರೆ ಅವರ ಪಾಲು ನಾನು ಹಾಕುತ್ತೇನೆ ಅಂದ. ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ ಎಲ್ಲ ಕಣ್ಣಿಗೆ ಬಿತ್ತು. ಆ ವಸೂಲಿಯಿಂದಲೇ ಮೆಥೋಡಿಸ್ಟರ ಕ್ಲಾಸ್ ಮೀಟಿಂಗ್, ಅಂದರೆ ಸಣ್ಣ ಗುಂಪಿನ ವಾರದ ಕೂಟ, ಬೆಳೆಯಿತು. ಸಾಲ ತೀರಿಸಲು ಹೊರಟವರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಪದ್ಧತಿ ಕಟ್ಟಿದರು.

ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಔಷಧಿ ಕೊಡುವ ಕೋಣೆ ತೆರೆದರು, ಅದೇ ವರ್ಷ ಕೈಸಾಲದ ನಿಧಿಯನ್ನೂ ಇಟ್ಟರು. ಒಬ್ಬರಿಗೆ 20 ಶಿಲ್ಲಿಂಗ್‌ವರೆಗೆ ಕೊಡುವುದು, ಮೂರು ತಿಂಗಳಲ್ಲಿ ವಾರ ವಾರ ತೀರಿಸುವುದು. 1785ರ ಜನವರಿಯಲ್ಲಿ ಅವರಿಗೆ 81 ವರ್ಷ. ಕರಗುತ್ತಿರುವ ಹಿಮದಲ್ಲಿ ಕಾಲು ಮುಳುಗಿಸಿಕೊಂಡು ಐದು ದಿನ ಲಂಡನ್ ಬೀದಿ ಬೀದಿ ತಿರುಗಿ ಬಡವರ ಬಟ್ಟೆಗೆ 200 ಪೌಂಡ್ ಬೇಡಿ ತಂದರು. ನಮ್ಮ ಕಮಿಟಿಯವರು ಎರಡು ಓಣಿ ದಾಟಿ ಹೋಗಲು ಬಿಸಿಲು ಅನ್ನುತ್ತಾರೆ.

ಮೈಸೂರಿನವನು

ಮಧ್ಯ ಬಂದದ್ದಕ್ಕೆ ಕ್ಷಮೆ ಇರಲಿ. ಮೈಸೂರಿನಲ್ಲೂ ವೆಸ್ಲಿ ಹೆಸರಿನ ಚರ್ಚು ಇದೆ, ನಾವು ಸಿಎಸ್‌ಐ, ಅಂದರೆ ಹಲವು ಸಭೆಗಳು ಕೂಡಿ ಆದ ಚರ್ಚ್ ಆಫ್ ಸೌತ್ ಇಂಡಿಯಾ. ನೀವು ಬೇರೆಯಾ?

ಲೆಕ್ಕದ ಮಾಸ್ತರ್

ಮೂಲ ಒಂದೇ, ಬಂದ ದಾರಿ ಬೇರೆ. ಹಳೇ ಮೈಸೂರಿಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. ನಿಮ್ಮೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅವರದ್ದೇ, ಜನ ಈಗಲೂ ಮಿಷನ್ ಆಸ್ಪತ್ರೆ ಅಂತಾರಲ್ಲ. ಅವರು 1947ರ ಸೆಪ್ಟೆಂಬರ್‌ನಲ್ಲಿ ಸಿಎಸ್‌ಐ ಸೇರಿದರು. ಬೀದರ್, ಕೋಲಾರ, ಬೆಳಗಾವಿ ಕಡೆ ಕೆಲಸ ಮಾಡಿದ್ದು ಅಮೆರಿಕದ ಮೆಥೋಡಿಸ್ಟ್ ಮಿಷನ್. ಅದು ಆ ಒಕ್ಕೂಟಕ್ಕೆ ಹೋಗಲಿಲ್ಲ, 1981ರಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಆಯಿತು. ವಿಷಯಕ್ಕೆ ವಾಪಸ್ ಬರೋಣ.

ಕೋಲಾರದ ನರ್ಸಮ್ಮ

ನಾನೂ ಬರೆಯುತ್ತೇನೆ. ಕೋಲಾರದಲ್ಲಿ ನಮ್ಮ ಮಿಷನ್ನಿನ ಇಟಿಸಿಎಂ ಆಸ್ಪತ್ರೆ ಇದೆ, 1910ರಲ್ಲಿ ಶುರುವಾದದ್ದು. ಅದರ ನೆರಳಲ್ಲಿ ಬೆಳೆದ ನಮ್ಮಂಥವರಿಗೆ ದಾನ ಅಂದರೆ ಮೊದಲು ನೆನಪಾಗುವುದು ರೋಗಿ. ನಾನು ಬೇರೆ ಕಡೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಒಂದು ವಿಷಯ ಕೇಳಿ. ಬಡ ರೋಗಿಗೆ ಎಷ್ಟೋ ಸಲ ದುಡ್ಡಿಗಿಂತ ಜಾಸ್ತಿ ಬೇಕಾಗುವುದು ಜೊತೆಗೊಬ್ಬ ಮನುಷ್ಯ.

ಹಳ್ಳಿಯಿಂದ ಒಬ್ಬ ಹೆಂಗಸು ಗಂಡನನ್ನು ಕರೆದುಕೊಂಡು ಜಿಲ್ಲಾಸ್ಪತ್ರೆಗೆ ಬರುತ್ತಾಳೆ ಅಂದುಕೊಳ್ಳಿ. ಚೀಟಿ ಕೌಂಟರ್ ಒಂದು ಕಡೆ, ರಕ್ತ ಪರೀಕ್ಷೆ ಇನ್ನೊಂದು ಕಡೆ, ಸ್ಕ್ಯಾನಿಂಗ್ ಹಿಂದಿನ ಕಟ್ಟಡದಲ್ಲಿ. ಅವಳು ಸಾಲಿನಲ್ಲಿ ನಿಂತರೆ ಗಂಡನ ಹತ್ತಿರ ಯಾರು? ಗಂಡನ ಹತ್ತಿರ ಕೂತರೆ ಸಾಲಿನಲ್ಲಿ ಯಾರು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದಿದ್ದರೆ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದು ಗೊತ್ತಿಲ್ಲದೆ ನೇರವಾಗಿ ಹೋಗಿ, ಅಡ್ವಾನ್ಸ್ ಕಟ್ಟಲು ತಾಳಿ ಅಡ ಇಟ್ಟವರನ್ನು ನಾನು ನೋಡಿದ್ದೇನೆ.

ನಮ್ಮ ಸಭೆಯಲ್ಲಿ ಪಾಳಿ ಹಾಕಿಕೊಂಡಿದ್ದೇವೆ. ಪಾಳಿ ಇದ್ದವರು ಹೆಗಲಿಗೆ ಒಂದು ಚೀಲ ಹಾಕಿಕೊಂಡು ಬೆಳಗ್ಗೆ ಹೊರರೋಗಿ ವಿಭಾಗದ ಹತ್ತಿರ ಇರುತ್ತಾರೆ. ಚೀಲದಲ್ಲಿ ಪೆನ್ನು, ಸ್ಟೇಪ್ಲರ್, ಜೆರಾಕ್ಸಿಗೆ ಚಿಲ್ಲರೆ, ನೀರಿನ ಬಾಟಲಿ, ಒಂದು ಪ್ಯಾಕೆಟ್ ಬಿಸ್ಕತ್ತು. ರೇಷನ್ ಕಾರ್ಡ್, ಆಧಾರ್ ಎರಡರದ್ದೂ ಜೆರಾಕ್ಸ್ ಮೊದಲೇ ಮಾಡಿಸಿ ಪಿನ್ ಹೊಡೆದು ಕೈಗೆ ಕೊಟ್ಟುಬಿಡುವುದು. ಇಷ್ಟೇ ಕೆಲಸ. ಖರ್ಚು ಅನ್ನುವಂಥದ್ದೇನೂ ಇಲ್ಲ, ಬೆಳಗ್ಗೆ ಎದ್ದು ಹೋಗುವುದೇ ಕಷ್ಟ. ನೀವು ಯಾರು ಅಂತ ಕೇಳಿದರೆ ಚರ್ಚಿನವರು ಅಂತೀವಿ, ಕೇಳದಿದ್ದರೆ ಹೇಳಲ್ಲ. ಬೈಬಲ್, ಕರಪತ್ರ ಒಯ್ಯುವುದಿಲ್ಲ. ಪ್ರಾರ್ಥನೆ ಮಾಡಿ ಅಂತ ಅವರಾಗಿ ಕೇಳಿದರೆ ಮಾತ್ರ, ಅದೂ ಆಸ್ಪತ್ರೆಯೊಳಗೆ ಅಲ್ಲ.

ಕಲ್ಯಾಣದವ

ನಾನು ನಿಮ್ಮ ಸಭೆಯವನಲ್ಲ, ಬಸವಕಲ್ಯಾಣದ ಲಿಂಗಾಯತ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ನೀವು ಜೋಳ ಕೊಟ್ಟರೂ, ಕಂಬಳಿ ಕೊಟ್ಟರೂ ಊರವರು ಮತಾಂತರಕ್ಕೆ ಅಂತಾರೆ. ನಮ್ಮ ಮಠಗಳಲ್ಲಿ ದಾಸೋಹ ನಡೆಯುತ್ತದೆ. ಬೀದರ್‌ನ ನಾನಕ್ ಝೀರಾ ಗುರುದ್ವಾರದಲ್ಲಿ ದಿನಾ ಲಂಗರ್ ಇದೆ, ಯಾವ ಜಾತಿಯವನು ಹೋಗಿ ಕೂತರೂ ರೊಟ್ಟಿ, ದಾಲ್ ಹಾಕುತ್ತಾರೆ, ಉಂಡು ಎದ್ದವನನ್ನು ಯಾರೂ ಸಿಖ್ ಆಗು ಅನ್ನಲ್ಲ. ನಿಮ್ಮ ಬಗ್ಗೆ ಮಾತ್ರ ಯಾಕೆ ಈ ಮಾತು ಬರುತ್ತದೆ? ಸ್ವಲ್ಪ ನಿಮ್ಮವರದ್ದೂ ತಪ್ಪಿರಬಹುದು ಅಲ್ವಾ?

ಹುಮನಾಬಾದ್ ರಸ್ತೆ

ಅಣ್ಣಾ, ಕೇಳಿದ್ದು ಒಳ್ಳೆಯದಾಯಿತು. ಕೆಲವರು ಅಕ್ಕಿ ಚೀಲದ ಜೊತೆ ಕರಪತ್ರ ಇಡುತ್ತಾರೆ, ಇಲ್ಲ ಅನ್ನುವುದಿಲ್ಲ. ನನಗೆ ಅದು ಇಷ್ಟವಿಲ್ಲ. ಹಸಿದವನ ಕೈಯಲ್ಲಿ ಏನಾದರೂ ಓದಲು ಇಡುವುದೇ ಸರಿಯಲ್ಲ. ಆದರೆ ನಮ್ಮ ಭಯವೂ ಸ್ವಲ್ಪ ಕೇಳಿ. ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಅನ್ನುವುದರ ಒಳಗೆ ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲ ಬಂದಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಅಷ್ಟಾದರೂ ಹಳ್ಳಿಯಲ್ಲಿ ಮನಸ್ಸಿನ ಹೆದರಿಕೆ ಹೋಗಿಲ್ಲ. ಪಕ್ಕದ ಮನೆ ಮಗುವಿಗೆ ನೋಟ್‌ಬುಕ್ ಕೊಡುವಾಗಲೂ ನಮ್ಮ ಪಾಸ್ಟರ್ ಒಂದು ಸಲ ಆಚೀಚೆ ನೋಡುತ್ತಾರೆ.

ಕೋಲಾರದ ನರ್ಸಮ್ಮ

ಕಲ್ಯಾಣದ ಅಣ್ಣನವರೇ, ಆಸ್ಪತ್ರೆ ಪಾಳಿಗೆ ನಮ್ಮ ಜೊತೆ ಒಬ್ಬರು ಗೌಡರ ಮನೆಯ ಹೆಣ್ಣುಮಗಳು, ಒಬ್ಬ ಮುಸ್ಲಿಂ ಆಟೋ ಚಾಲಕ ಬರುತ್ತಾರೆ. ಅವರು ಸೇರಿದ ಮೇಲೆ ಅನುಮಾನದ ಮಾತು ತಾನಾಗಿ ಕಡಿಮೆಯಾಯಿತು. ನಿಮ್ಮೂರಿನಲ್ಲೂ ಹಾಗೆ ಮಾಡಬಹುದು, ನೀವೇ ಬನ್ನಿ.

ಕಲ್ಯಾಣದವ

ಕರೆದರೆ ಬರುತ್ತೇನೆ ಅಮ್ಮಾ. ಸುಮ್ನೆ ಹೇಳುತ್ತಿಲ್ಲ.

ತಗಡು ಮೊದಲು

ಎಲ್ಲರೂ ಚೆನ್ನಾಗಿ ಮಾತಾಡಿದಿರಿ. ನನ್ನದೊಂದು ಕಹಿ ಮಾತು. ನಮ್ಮ ಸಭೆಯಲ್ಲೇ ಮಗಳ ಕಾಲೇಜು ಫೀ ಕಟ್ಟಲಾಗದೆ ಓದು ಬಿಡಿಸಿದವರಿದ್ದಾರೆ. ಮಳೆ ಬಂದರೆ ಕರ್ತನ ಭೋಜನದ ಮೇಜಿನ ಮೇಲೆ ನೀರು ಸೋರುತ್ತದೆ. ಊರಿಗೆಲ್ಲ ಹಂಚುವ ಮೊದಲು ಮನೆ ನೋಡಿಕೊಳ್ಳಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಆಗುವುದು ಬೇಡ.

ಮಂಗಲಪೇಟೆ ಮೊಮ್ಮಗ

ಫೀ ವಿಷಯದಲ್ಲಿ ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಬೀದರ್ ಕಡೆಯ ನಮ್ಮ ಸಭೆಗಳಲ್ಲಿ ಬಹಳಷ್ಟು ಜನ ಹೊಲೆಯ, ಮಾದಿಗ ಮನೆತನಗಳಿಂದ ಬಂದವರು. ಇದನ್ನು ಮುಚ್ಚಿಡುವುದೇನಿದೆ? 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಈಗಲೂ ಹೊರಗೇ. ಬಾವಿಯ ಹತ್ತಿರ ಜಾತಿ ಕೇಳುವವನು ನೀನು ಕ್ರೈಸ್ತ ಅಂತ ಬಿಟ್ಟುಬಿಡುವುದಿಲ್ಲ, ಸ್ಕಾಲರ್‌ಶಿಪ್ ಕೊಡುವ ಕಚೇರಿ ಮಾತ್ರ ನೀನು ಕ್ರೈಸ್ತ ಅನ್ನುತ್ತದೆ. ಇದಕ್ಕೇ ಹೇಳುವುದು, ಫೀಗೆ ಸಭೆ ನಿಲ್ಲದಿದ್ದರೆ ಬೇರೆ ಯಾರೂ ನಿಲ್ಲುವುದಿಲ್ಲ.

ನಾವು ಮಾಡುವುದು ಹೀಗೆ. ಜೂನ್‌ಗೆ ಮೊದಲೇ, ಏಪ್ರಿಲ್‌ನಲ್ಲೇ ಹತ್ತನೇ ಕ್ಲಾಸು, ಪಿಯುಸಿ ಮಕ್ಕಳ ಮನೆಗೆ ಹೋಗಿ ಮಾತಾಡುತ್ತೇವೆ. ಜೂನ್‌ನಲ್ಲಿ ಕೇಳಲು ಹೋದರೆ ಹುಡುಗಿ ಅಷ್ಟರಲ್ಲಿ ಹೈದರಾಬಾದಿನ ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾಳೆ. ದುಡ್ಡನ್ನು ಮನೆಯವರ ಕೈಗೆ ಕೊಡುವುದಿಲ್ಲ, ಕಾಲೇಜಿನಲ್ಲಿ ಕಟ್ಟಿ ರಸೀದಿ ತರುತ್ತೇವೆ. ವಾಪಸ್ ಕೇಳುವುದಿಲ್ಲ. ಕೆಲಸ ಸಿಕ್ಕ ಮೇಲೆ ಒಂದು ಮಗುವಿನ ಫೀ ಕಟ್ಟು ಅಂತ ಹೇಳಿರುತ್ತೇವೆ. ಕೆಲವರು ಕಟ್ಟುತ್ತಾರೆ, ಕೆಲವರು ಫೋನ್ ನಂಬರ್ ಬದಲಾಯಿಸುತ್ತಾರೆ. ಇರಲಿ, ಓದಿದರಲ್ಲ.

ಎಂವೈಎಫ್ ಹುಡುಗ

ಒಂದು ಡೌಟ್. ನಮ್ಮ ಊರಿನವರೊಬ್ಬರು ದುಬೈನಲ್ಲಿದ್ದಾರೆ, ಸಭೆಗೆ ದುಡ್ಡು ಕಳಿಸುತ್ತೇನೆ ಅಂತಾರೆ. ವಿದೇಶಿ ದೇಣಿಗೆ ಕಾನೂನು (ಎಫ್‌ಸಿಆರ್‌ಎ) ಅಡ್ಡ ಬರುತ್ತದಾ?

ಲೆಕ್ಕದ ಮಾಸ್ತರ್

ಅವರ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ದುಡಿಮೆಯ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ನಕಲು ತೆಗೆದು ಫೈಲಿನಲ್ಲಿಡಿ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಇಲ್ಲಾ ಅಲ್ಲಿನ ಚರ್ಚಿನವರು ಸೇರಿ ಕೊಟ್ಟದ್ದಾದರೆ, ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. 2020ರ ತಿದ್ದುಪಡಿ ಆದ ಮೇಲೆ ನೋಂದಣಿ ಇರುವ ಸಂಸ್ಥೆ ತನಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತೆಯೂ ಇಲ್ಲ. ದೊಡ್ಡವರ ಮೂಲಕ ತರಿಸಿಕೊಳ್ಳೋಣ ಅನ್ನುವ ಹಳೆಯ ದಾರಿ ಮುಚ್ಚಿದೆ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಪಾಸ್ಟರ್‌ಗಳಿಗೆ ವರ್ಗಾವಣೆ ಇರುತ್ತದೆ. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ ಹೆಸರು ಓದಿದರೆ ಮುಗಿಯಿತು, ಪೆಟ್ಟಿಗೆ ಕಟ್ಟಬೇಕು. ಒಬ್ಬ ಪಾಸ್ಟರ್ ಹುರುಪಿನಿಂದ ಸಂಜೆ ಪಾಠ ಶುರು ಮಾಡುತ್ತಾರೆ, ಅವರು ಹೋದ ತಿಂಗಳೇ ಅದು ನಿಲ್ಲುತ್ತದೆ. ಹೊಸಬರು ಬಂದು ಹೊಲಿಗೆ ಮಷಿನ್ ತರುತ್ತಾರೆ, ಅವರೂ ಹೋಗುತ್ತಾರೆ, ಮಷಿನ್ ಮೇಲೆ ಕ್ಯಾರಲ್ಸಿನ ಡ್ರಮ್ ಕೂರುತ್ತದೆ. ಪಾಸ್ಟರ್ ಪ್ರಾರ್ಥನೆ ಮಾಡಲಿ, ಸಲಹೆ ಕೊಡಲಿ. ಪಾಳಿ ಚೀಟಿ, ಪುಸ್ತಕ, ಡಬ್ಬಿಯ ಕೀಲಿಕೈ ಮಾತ್ರ ಊರಲ್ಲೇ ಇರುವವರ ಹತ್ತಿರ ಇರಬೇಕು. ಹೆಂಗಸರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ನಾನು ಗಂಡಸಾಗಿಯೇ ಹೇಳುತ್ತಿದ್ದೇನೆ.

ಸ್ತ್ರೀ ಸಮಾಜದ ಅಕ್ಕ

ಮಾಸ್ತರೇ, ಈ ಮಾತನ್ನು ಪ್ರಿಂಟ್ ಹಾಕಿಸಿ ನಮ್ಮ ಕಮಿಟಿ ರೂಮಿನಲ್ಲಿ ಅಂಟಿಸುತ್ತೇನೆ.

ತಗಡು ಮೊದಲು

ಕೈಸಾಲದ ನಿಧಿ ಬಗ್ಗೆ ಮಾಸ್ತರರು ಇನ್ನಷ್ಟು ಹೇಳಲಿ. ನಮ್ಮಲ್ಲಿ ಮೈಕ್ರೋ ಫೈನಾನ್ಸ್ ಸಾಲಕ್ಕೆ ವಾರದ ಕಂತು ಕಟ್ಟಲಾಗದೆ ಊರು ಬಿಟ್ಟ ಮನೆಗಳಿವೆ. ಸಭೆಯಲ್ಲೇ ಸಾಲ ಸಿಕ್ಕರೆ ಒಳ್ಳೆಯದಲ್ವಾ?

ಲೆಕ್ಕದ ಮಾಸ್ತರ್

ಒಳ್ಳೆಯದು, ಆದರೆ ಹುಷಾರು. ಸಾಲ ಕೊಟ್ಟವನೂ ತೆಗೆದುಕೊಂಡವನೂ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಬೇಕು. ಕಂತು ತಪ್ಪಿದವನು ಮೊದಲು ಆರಾಧನೆಗೆ ಬರುವುದನ್ನು ಬಿಡುತ್ತಾನೆ. ಅದಕ್ಕೇ ನಾವು ಸಣ್ಣ ಮೊತ್ತ ಮಾತ್ರ ಕೊಡುತ್ತೇವೆ, ಬಡ್ಡಿ ಇಲ್ಲ, ಔಷಧಿಗೆ, ಬೀಜಕ್ಕೆ, ಹಾಲಿನ ಮೇಕೆಗೆ. ಮದುವೆಗೆ ಕೊಡುವುದಿಲ್ಲ, ಯಾರೇ ಕೇಳಲಿ. ಬಾರದ ಸಾಲವನ್ನು ಡಿಸೆಂಬರ್ ಕೊನೆಗೆ ಹೆಸರು ಹೇಳದೆ ಹೊಡೆದುಹಾಕಿಬಿಡುತ್ತೇವೆ. ದೇವರಿಗೆ ಮತ್ತೆ ಮಾತು ಕೊಡುವ ಹೊಸ ವರ್ಷದ ಒಡಂಬಡಿಕೆ ಆರಾಧನೆಗೆ ಯಾರೂ ಸಾಲದ ಮುಖ ಹೊತ್ತು ಬರಬಾರದು.

ಹುಮನಾಬಾದ್ ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕಮಿಟಿ ಕೂತಿತ್ತು. ಇಲ್ಲಿನ ಮಾತುಗಳನ್ನು ನಾನು ಓದಿ ಹೇಳಿದೆ, ಅಕ್ಕನ ಹೆಸರು ಹೇಳದೆ ಹಿಡಿ ಜೋಳದ ವಿಷಯ ತೆಗೆದಾಗ ಮೂಲೆಯಲ್ಲಿ ಕೂತಿದ್ದ ಒಂದು ಅಜ್ಜಿ, ನಮ್ಮ ಅತ್ತೆ ಕಾಲದಲ್ಲಿ ಇಲ್ಲೂ ಇತ್ತಲ್ಲ, ಗ್ಯಾಸ್ ಒಲೆ ಬಂದ ಮೇಲೆ ಯಾರೂ ಕೇಳಲಿಲ್ಲ ಅಂದರು. ಅದು ಶುರುವಾಗುತ್ತದೆ. ಡಬ್ಬಿಗಳನ್ನು ಸಂಡೇ ಸ್ಕೂಲ್ ಮಕ್ಕಳು ಬಣ್ಣ ಹಚ್ಚಿ ಕೊಡುತ್ತಾರಂತೆ.

ಹರಾಜಿನ ದುಡ್ಡಿನಲ್ಲಿ ಅರ್ಧ ಫೀ ನಿಧಿಗೆ. ಟೆಂಪೋ ಬಾಕಿ ತೀರಿಸುತ್ತೇವೆ, ಅದನ್ನು ಇಟ್ಟುಕೊಂಡು ದಾನ ಮಾಡುವುದು ನಾಚಿಕೆ. ತಗಡಿಗೆ ಈ ವರ್ಷ ಇಲ್ಲ, ಮೇಜನ್ನು ಎರಡು ಅಡಿ ಆಚೆ ಸರಿಸಿದ್ದೇವೆ. ಆಸ್ಪತ್ರೆ ಪಾಳಿಗೆ ಇಬ್ಬರು ಹೆಸರು ಕೊಟ್ಟರು, ಸಾಕಾಗುವುದಿಲ್ಲ, ಕಲ್ಯಾಣದ ಅಣ್ಣನವರಿಗೆ ಮೆಸೇಜ್ ಮಾಡಿದ್ದೇನೆ. ಕಂಬಳಿ ಗುಂಪು ಮಾತ್ರ ಬಿಡಲಿಲ್ಲ. ಮುಖಂಡರು ಬೇಡ, ಬ್ಯಾನರ್ ಬೇಡ, ರಾತ್ರಿ ಹತ್ತರ ಮೇಲೆ ನಾವೇ ಹೋಗಿ ಮಲಗಿದವರಿಗೆ ಹೊದಿಸಿ ಬರುವುದು, ಮಾರನೇ ವಾರ ಅವರಲ್ಲಿ ಒಬ್ಬಿಬ್ಬರನ್ನಾದರೂ ಮಾತಾಡಿಸುವುದು ಅಂತ ಒಪ್ಪಿಸಿದೆ. ಕಂಬಳಿ ಅಗ್ಗಕ್ಕೆ ಎಲ್ಲಿ ಸಿಗುತ್ತದೆ? ಇಲ್ಲಿನ ಅಂಗಡಿಯವರು ರೇಟು ಜಾಸ್ತಿ ಹೇಳುತ್ತಿದ್ದಾರೆ.

ಕಲ್ಯಾಣದವ

ಮೆಸೇಜ್ ನೋಡಿದೆ, ಮಂಗಳವಾರದ ಪಾಳಿ ನನಗೆ ಹಾಕಿ. ಕಂಬಳಿಗೆ ಸೋಲಾಪುರಕ್ಕೆ ಹೋಗಿ, ನಮಗೇನು ದೂರ ಇಲ್ಲ. ಅಲ್ಲಿನ ಚಾದರ ದಪ್ಪ ಇರುತ್ತದೆ, ಒಗೆದರೂ ಬೇಗ ಹಾಳಾಗುವುದಿಲ್ಲ. ಚಿಲ್ಲರೆ ಅಂಗಡಿಗೆ ಹೋಗಬೇಡಿ, ಹೋಲ್‌ಸೇಲ್‌ನಲ್ಲಿ ಕೇಳಿ. ಬರುವ ವಾರ ನನ್ನ ಗಾಡಿ ಆ ಕಡೆ ಹೋಗುವುದಿದೆ, ಬಾಡಿಗೆ ಬೇಡ. ಎಷ್ಟು ಬೇಕು ಅಂತ ಶನಿವಾರದೊಳಗೆ ಹೇಳಿ.